ಮೂರು ನಿಮಿಷದ ಗುರು

ಹೋದ ವರ್ಷ ಆಷಾಢದ ಮಾತು. ಪಂಢರಪುರಕ್ಕೆ ಹೊರಟ ದಿಂಡಿಯೊಂದು ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಹಾದು ಹೋಯಿತು. ಜೊತೆಗಿದ್ದ ಟೆಂಪೋದ ಸ್ಪೀಕರಿನಲ್ಲಿ ಭೀಮಸೇನ ಜೋಶಿಯವರ ಅಭಂಗ. ಏಳನೆಯ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದಿದ್ದರು. ಪಾಠ ಹೇಗೂ ನಿಂತಿತ್ತು. "ಈ ಹಾಡು ಹಾಡಿದವರು ಗದಗಿನ ಕಡೆಯವರು, ಮನೆಮಾತು ಕನ್ನಡ" ಎಂದು ನಾವು ಹೇಳಿದೆವು. ಒಬ್ಬ ಹುಡುಗ ನಂಬಲೇ ಇಲ್ಲ.

"ಖರೇನ್ರಿ ಸರ್? ಹಂಗಾರ ಅವ್ರು ನಮ್ಮವ್ರೋ, ಅವ್ರವ್ರೋ?"

ಈ ಪ್ರಶ್ನೆಗೆ ಆಗ ಸರಿಯಾದ ಉತ್ತರ ಕೊಡಲು ನಮಗೆ ಆಗಲಿಲ್ಲ. ಈ ಬರಹ ಆ ಉತ್ತರದ ಪ್ರಯತ್ನ ಎಂದು ತಿಳಿಯಿರಿ.

ಮೊದಲೇ ಹೇಳಿಬಿಡುತ್ತೇವೆ. ನಾವು ಸಂಗೀತ ಕಲಿತವರಲ್ಲ. ಭೂಪ ಯಾವುದು, ದೇಸ ಯಾವುದು ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಕೈಗೆ ಸಿಕ್ಕ ಪ್ಲೇಟು, ಕ್ಯಾಸೆಟ್ಟು, ಈಗ ಮೊಬೈಲು, ಹೀಗೆ ಕೇಳುತ್ತ ಬಂದವರು ಅಷ್ಟೇ. ಹಾಗಾಗಿ ಇಲ್ಲಿ ರಾಗಲಕ್ಷಣ ಹುಡುಕಬೇಡಿ. ಕೇಳಿದಾಗ ನಮಗೆ ಏನನ್ನಿಸಿತು ಎಂಬುದಿದೆ, ಜೊತೆಗೆ ಸ್ವಲ್ಪ ಇತಿಹಾಸವಿದೆ.

ಮೊದಲು ನಕಾಶೆ ನೋಡೋಣ. 1933ರಲ್ಲಿ ಗದಗು ಇದ್ದದ್ದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ. ಪುಣೆಯೂ ಅದೇ ಪ್ರಾಂತದಲ್ಲಿ. ಮಿರಜು ಪಟವರ್ಧನರ ಸಂಸ್ಥಾನ. ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ನಮ್ಮ ಜತ್ತ ಡಫಳೆ ಅರಸರದು. ರಾಜರು ಬೇರೆ ಬೇರೆ, ಆದರೆ ಹಾಡುವವರಿಗೂ ನಾಟಕ ಕಂಪನಿಗಳಿಗೂ ಇದೆಲ್ಲ ಒಂದೇ ಸೀಮೆ. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಯವರು ಮೈಸೂರು ರಾಜ್ಯಕ್ಕೆ ಹೋದರು. ಜತ್ತ ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರ ಮೇ 1ರಿಂದ ಮಹಾರಾಷ್ಟ್ರವಾಯಿತು. ಅಂದರೆ ನಾವು ಮುಂದೆ ಹೇಳುವ ಈ ಸೀಮೆಯ ಹಾಡುಗಾರರೆಲ್ಲ ಕಲಿತು ಹೆಸರು ಮಾಡಿದ ಮೇಲೆ ಗಡಿ ಬಂದದ್ದು.

ಈಗ ಮಿರಜಿಗೆ ಬರೋಣ. ನಾವು ಆರನೆಯ ತರಗತಿಯಲ್ಲಿದ್ದಾಗ ರಜೆಗೆಂದು ಅಲ್ಲಿಯ ಸೋದರತ್ತೆಯ ಮನೆಗೆ ಹೋಗಿದ್ದೆವು. ಅವರ ಓಣಿಯಲ್ಲಿ ಒಬ್ಬ ಅಜ್ಜನವರ ಮನೆಯಲ್ಲಿ ಕೀಲಿ ತಿರುಗಿಸುವ ಗ್ರಾಮಫೋನ್ ಇತ್ತು. ಅರಗು ಬೆರೆಸಿ ಮಾಡಿದ ಕರಿ ಪ್ಲೇಟು, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷದ ಹಾಡು. ಅಜ್ಜ ಮುಳ್ಳು ಬದಲಿಸಿ, ಪ್ಲೇಟನ್ನು ಧೋತರದ ತುದಿಯಿಂದ ಒರೆಸಿ, ನಮ್ಮನ್ನು ದೂರ ಕೂರಿಸಿ ಹಾಕಿದರು. ಅದು ಅಬ್ದುಲ್ ಕರೀಮ್ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮರಿ.

ಸುಳ್ಳು ಯಾಕೆ ಹೇಳಬೇಕು? ಮೊದಲ ಸಲ ನಮಗೆ ನಗು ಬಂತು. ಕೊಡದೊಳಗೆ ಸಿಕ್ಕಿಕೊಂಡ ಸೊಳ್ಳೆಯ ಹಾಗೆ ಸಣ್ಣ ದನಿ, ಅದರ ಮೇಲೆ ಮಳೆ ಬಿದ್ದಂತೆ ಕರಕರ. ಮೂರನೆಯ ಸಲ ಹಾಕಿದಾಗ ಮಾತ್ರ ಕರಕರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಾರೋ ಒಬ್ಬರು ಯಾರಿಗೂ ಕೇಳಬಾರದೆಂದು ಅಳುತ್ತಿದ್ದಾರೆ ಅನ್ನಿಸಿತು. ಅಜ್ಜ ನಮ್ಮ ಮುಖ ನೋಡಿ "ಹಾಂ, ಈಗ ಕೇಳಿಸ್ತು ನೋಡು" ಎಂದರು.

ಖಾನ್ ಸಾಹೇಬರು ಹುಟ್ಟಿದ್ದು 1872ರಲ್ಲಿ, ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ. ಕಿರಾನಾ ಘರಾನೆಗೆ ಆ ಊರಿನದೇ ಹೆಸರು. ಅವರು ನೆಲೆ ನಿಂತದ್ದು ಮಿರಜಿನಲ್ಲಿ. ಮೈಸೂರು ದರಬಾರಿಗೂ ಹೋಗಿಬಂದವರು. ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದನ್ನೂ ಪ್ಲೇಟಿನಲ್ಲಿ ಹಾಡಿಟ್ಟಿದ್ದಾರೆ. 1937ರಲ್ಲಿ ಪುದುಚೇರಿಗೆ ಹೊರಟವರು ಚೆಂಗಲ್‌ಪಟ್ಟು ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಮಣ್ಣಾದದ್ದು ಮಿರಜಿನ ಮೀರಾಸಾಹೇಬರ ದರ್ಗಾದಲ್ಲಿ. ಉತ್ತರದವರು, ಮಿರಜಿನವರು, ಮೈಸೂರಿನಲ್ಲೂ ಹಾಡಿದವರು, ತಮಿಳು ನೆಲದಲ್ಲಿ ಕಣ್ಣು ಮುಚ್ಚಿದವರು. ನಮ್ಮ ಹುಡುಗನ ಪ್ರಶ್ನೆಯನ್ನು ಇವರಿಗೆ ಕೇಳಿದರೆ ಏನೆನ್ನುತ್ತಿದ್ದರೋ!

ಇನ್ನು ನಮಗೆ ಮಾಸ್ತರರಾಗಿ ಬಲು ಇಷ್ಟವಾದ ಕಥೆ. ಗದಗಿನಲ್ಲಿ ಗುರುರಾಜ ಜೋಶಿ ಎಂಬ ಶಾಲಾ ಮಾಸ್ತರರಿದ್ದರು. ಅವರ ಮಗ, 1922ರಲ್ಲಿ ಹುಟ್ಟಿದ ಭೀಮಸೇನ, ಭಜನೆ, ಮೆರವಣಿಗೆ, ಬ್ಯಾಂಡು ಎಲ್ಲಿ ಕೇಳಿಸಿದರೂ ಹಿಂದೆ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾಗಿ ತಂದೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದ್ದರಂತೆ. ಈ ಹುಡುಗ ಅಂಗಡಿಯೊಂದರಲ್ಲಿ ಇದೇ ಝಿಂಝೋಟಿಯ ಪ್ಲೇಟು ಕೇಳಿದ. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಗ್ವಾಲಿಯರ್, ಜಲಂಧರ್ ಎಂದು ಅಲೆದ. ಕೊನೆಗೆ ಗುರು ಸಿಕ್ಕಿದ್ದು ಮನೆಯಿಂದ ದೂರವಲ್ಲದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಅವರ ಗುರುಗಳು ಯಾರು? ಪ್ಲೇಟಿನ ಖಾನ್ ಸಾಹೇಬರೇ!

ಅದೇ ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಎಲ್ಲಾದರೂ ಗ್ರಾಮಫೋನ್ ದನಿ ಬಂದರೆ ಬೀದಿಗೆ ಓಡಿ, ನಿಂತು ಕೇಳಿ, ಅದೇ ರೀತಿ ಹಾಡಲು ನೋಡುತ್ತಿದ್ದರಂತೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಎಂಬ ಬಾಲಕನಂತೂ ದೊಡ್ಡ ದೊಡ್ಡ ಉಸ್ತಾದರ ಪ್ಲೇಟುಗಳನ್ನು ಕೇಳಿ, ಇದ್ದದ್ದು ಇದ್ದ ಹಾಗೆ ಹಾಡಿ ಜನರನ್ನು ಬೆರಗುಗೊಳಿಸುತ್ತಿದ್ದ. ಅವರೇ ಕುಮಾರ ಗಂಧರ್ವರು.

ಒಂದೇ ಕಾಲದ, ಒಂದೇ ಸೀಮೆಯ ಮೂವರು ಕನ್ನಡದ ಮಕ್ಕಳು, ಮೂವರಿಗೂ ಎಳವೆಯಲ್ಲಿ ಪಾಠ ಹೇಳಿದ್ದು ಬೀದಿಯಲ್ಲಿ ತಿರುಗುತ್ತಿದ್ದ ಕರಿ ಪ್ಲೇಟು. ಮೂರು ನಿಮಿಷದ ಆ ಗುರುವಿಗೆ ಫೀ ಇಲ್ಲ, ಜಾತಿ ಕೇಳುವುದಿಲ್ಲ, ಹುಡುಗಿಯಾದರೆ ಹೊರಗೆ ನಿಲ್ಲು ಎನ್ನುವುದಿಲ್ಲ. ಬೀದಿಯಲ್ಲಿ ನಿಂತರೂ ಕಲಿಸುತ್ತದೆ. ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ನೀರು ಹೊತ್ತರೂ ಸಿಗದೆ ಹೋಗಬಹುದಾದ ಹಾಡು ಅಂಗಡಿಯ ಬಾಗಿಲಲ್ಲಿ ಸಿಕ್ಕಿತು. ಮುಂದೆ ಮೂವರೂ ಗುರುಮುಖದಿಂದಲೇ ಕಲಿತರು, ಅದು ಬೇರೆ ಮಾತು. ಆದರೆ ಹಸಿವು ಹುಟ್ಟಿಸಿದ್ದು ಪ್ಲೇಟು.

ಇವರ ದನಿ ಕೇಳಿದಾಗ ನಮಗೇನಾಯಿತು? ಗಂಗೂಬಾಯಿಯವರನ್ನು ಮೊದಲು ಧಾರವಾಡ ಆಕಾಶವಾಣಿಯಲ್ಲಿ ಕೇಳಿದಾಗ ಗಂಡಸು ಹಾಡುತ್ತಿದ್ದಾರೆ ಎಂದೇ ತಿಳಿದಿದ್ದೆವು. ಬಹಳ ವರ್ಷಗಳ ಮೇಲೆ, 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದ ಅವರ ಪ್ಲೇಟುಗಳನ್ನು ಕೇಳಿದೆವು. ತೆಳುವಾದ, ಏರು ಶ್ರುತಿಯ ಹುಡುಗಿಯ ದನಿ! ನಡುವೆ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಗಿ ಕಂಠವೇ ಬದಲಾಗಿತ್ತು. ಹಾಡುವವರಿಗೆ ಕಂಠ ಹೋದರೆ ಏನು ಉಳಿಯುತ್ತದೆ? ಅವರು ಆ ಒಡೆದ ದನಿಯನ್ನೇ ಹಿಡಿದು 2009ರಲ್ಲಿ ತೀರಿಕೊಳ್ಳುವವರೆಗೂ ಗಂಗೂಬಾಯಿಯಾಗಿಯೇ ನಿಂತರು. ನಮಗೆ ಆ ಎರಡನೆಯ ದನಿಯೇ ಹೆಚ್ಚು ಪ್ರೀತಿ. ಹೊಲದಲ್ಲಿ ದುಡಿದು ಬಂದ ದೊಡ್ಡವ್ವನ ದನಿಯ ಹಾಗೆ ಕೇಳುತ್ತದೆ.

ಕುಮಾರ ಗಂಧರ್ವರ ಕಬೀರ ಭಜನೆಗಳ ಕ್ಯಾಸೆಟ್ಟು ಹಾಕಿದಾಗ ಟೇಪು ಸಿಕ್ಕಿಕೊಂಡಿದೆ ಎಂದು ಎರಡು ಸಲ ಹೊರಗೆ ತೆಗೆದು ಪೆನ್ಸಿಲ್ಲಿನಿಂದ ಸುತ್ತಿದ್ದೆವು. ನಗಬೇಡಿ. ತುಂಡು ತುಂಡು ಸ್ವರ, ನಡುವೆ ಮೌನ. ಆಮೇಲೆ ತಿಳಿಯಿತು. 1940ರ ದಶಕದ ಕೊನೆಯಲ್ಲಿ ಅವರಿಗೆ ಕ್ಷಯ ತಗುಲಿ ಒಂದು ಶ್ವಾಸಕೋಶ ಕೆಟ್ಟಿತು. ಮಧ್ಯಪ್ರದೇಶದ ದೇವಾಸಿನಲ್ಲಿ ಐದಾರು ವರ್ಷ ಹಾಡದೆ ಮಲಗಬೇಕಾಯಿತು. ಆಗ ಅವರು ಮಾಡಿದ್ದು ಕೇಳುವ ಕೆಲಸ. ಮಾಳವದ ಹೆಂಗಸರ ಹಾಡು, ನಾಥ ಜೋಗಿಗಳ ಪದ, ಕಿಟಕಿಯಾಚೆ ಬಂದದ್ದೆಲ್ಲ. ಎದ್ದ ಮೇಲೆ ಆ ಹಳ್ಳಿಯ ಹಾಡುಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಈ ಮಾತನ್ನು ಸ್ವಲ್ಪ ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಮಾತಿಲ್ಲದ ಸಂಗೀತವನ್ನೂ ಕೇಳಿದ್ದೇವೆ. 1967ರ 'ಕಾಲ್ ಆಫ್ ದ ವ್ಯಾಲಿ' ಎಂಬ ಎಲ್‌ಪಿ. ಸಂತೂರಿನಲ್ಲಿ ಶಿವಕುಮಾರ ಶರ್ಮಾ, ಕೊಳಲಿನಲ್ಲಿ ಹರಿಪ್ರಸಾದ ಚೌರಾಸಿಯಾ, ಗಿಟಾರಿನಲ್ಲಿ ಬ್ರಿಜಭೂಷಣ ಕಾಬ್ರಾ. ಮಾಡಿಸಿದವರು ಎಚ್‌ಎಂವಿಯ ಜಿ.ಎನ್. ಜೋಶಿ. ಕಾಶ್ಮೀರದ ಕುರಿಗಾಹಿಯ ಒಂದು ದಿನ, ಬೆಳಗಿನಿಂದ ರಾತ್ರಿಯವರೆಗೆ, ಹೊತ್ತಿಗೆ ತಕ್ಕ ರಾಗಗಳಲ್ಲಿ. ಬಹಳ ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ತಾಲೂಕಿನ ಕುರಿಗಾಹಿಗಳನ್ನು ಕಂಡವರಿಗೆ ಒಂದು ಸಂಶಯ ಬರುತ್ತದೆ. ಇಷ್ಟು ಪುರುಸೊತ್ತಿನ ಬೆಳಗು ಯಾವ ಕುರುಬನಿಗಿದೆ? ನಮ್ಮವರ ಮುಂಜಾನೆ ನೀರು ಎಲ್ಲಿದೆ ಎಂಬ ಹುಡುಕಾಟದಿಂದಲೇ ಶುರು.

ಇನ್ನು ಕನ್ನಡದ ಕ್ಯಾಸೆಟ್ಟುಗಳು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ನಮಗೆ ಆ ಕ್ಯಾಸೆಟ್ಟು ಸಿಕ್ಕಿದ್ದು ಹತ್ತು ಹನ್ನೆರಡು ವರ್ಷ ತಡವಾಗಿ, ಬಿಜಾಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ. ಅಲ್ಲಿಯವರೆಗೆ ಕವಿತೆ ಎಂದರೆ ಕಂಠಪಾಠ, ತಪ್ಪಿದರೆ ಛಡಿ. ಮೊದಲ ಸಲ ಕವಿತೆಯನ್ನು ಯಾರೂ ಹೊಡೆಯದೆ ಬಾಯಿಪಾಠ ಮಾಡಿದೆವು!

ಆದರೂ ಒಂದು ಮಾತು. ಆ ಹಾಡಿನಲ್ಲಿ ಬರುವ ಜಲಪಾತ, ನದಿ, ಕಾಡು ಯಾವುದೂ ನಮ್ಮದಲ್ಲ. ನಮ್ಮಲ್ಲಿ ಬೋರ ನದಿ, ಅದರಲ್ಲಿ ವರ್ಷದ ಬಹು ಭಾಗ ಉಸುಕು. ನಾವು ಮೇ 1ರಂದು ರಾಜ್ಯದ ಹಬ್ಬಕ್ಕೆ ಧ್ವಜ ಏರಿಸುವ ಶಾಲೆಯವರು. ನವೆಂಬರ್ 1 ನಮಗೆ ಮಾಮೂಲಿ ದಿನ, ಎಷ್ಟೋ ಸಲ ದೀಪಾವಳಿ ರಜೆ. ಆ ಹಾಡು ಕೇಳುವಾಗ ಮದುವೆ ಮನೆಯ ಅಂಗಳದಲ್ಲಿ ನಿಂತ ದೂರದ ನೆಂಟರ ಹಾಗೆ ಆಗುತ್ತದೆ. ಸಂತೋಷವಿದೆ, ಒಳಗೆ ಬನ್ನಿ ಎಂದು ಯಾರಾದರೂ ಕರೆದಾರೆಯೇ ಎಂಬ ಸಂಕೋಚವೂ ಇದೆ. ಆ ಸಂಕೋಚವಿಲ್ಲದೆ ಕೇಳಿದ್ದು ಸಿ. ಅಶ್ವಥ್ ಅವರು ಹಾಡಿದ ಶಿಶುನಾಳ ಶರೀಫರ ಪದಗಳನ್ನು, ಮಲ್ಲಿಕಾರ್ಜುನ ಮನಸೂರರ ವಚನಗಳನ್ನು. ಶರೀಫರ ಮಾತು ನಮ್ಮ ಮನೆಯ ಮಾತು. ಮನಸೂರರಂತೂ ಮಿರಜಿನ ನೀಲಕಂಠಬುವಾ ಅವರಲ್ಲಿ ಕಲಿತವರು. ನಾವು ತರಗತಿಯಲ್ಲಿ ಪ್ರಶ್ನೋತ್ತರಕ್ಕೆಂದು ಓದಿಸುವ ವಚನ ಅವರ ಬಾಯಲ್ಲಿ ಅಂಗಲಾಚುತ್ತಿತ್ತು. ಇಪ್ಪತ್ತು ವರ್ಷ ತಪ್ಪಾಗಿ ಕಲಿಸಿದೆವಲ್ಲ ಅನ್ನಿಸಿತು.

ಈಗ ನಮ್ಮ ತಪ್ಪಿಗೆ ಬರುತ್ತೇವೆ. ಸೊಲ್ಲಾಪುರದ ಮಿಲ್ಲಿನಲ್ಲಿ ದುಡಿಯುತ್ತಿದ್ದ ನಮ್ಮ ಸೋದರಮಾವ ಒಂದು ನಾಗರಪಂಚಮಿಗೆ ಟೇಪ್‌ರೆಕಾರ್ಡರ್ ತಂದಿದ್ದರು. ಅಜ್ಜಿಯನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿ ಬೀಸುವ ಪದ ಹಾಡಿಸಿ ತುಂಬಿಸಿದರು. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಬೇರೆ ಏನೂ ತುಂಬಲು ಬರುವುದಿಲ್ಲ. ಮಾವ ಎರಡನ್ನೂ ಮುರಿದು, ಕಪಾಟಿನಲ್ಲಿಟ್ಟು ಹೋದರು. ಅಜ್ಜಿ ತೀರಿಕೊಂಡ ಮೇಲೆ, ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ, ರೇಡಿಯೋದಲ್ಲಿ ಸಿನಿಮಾ ಹಾಡು ಬರುತ್ತಿತ್ತು, ಕೈಯಲ್ಲಿ ಖಾಲಿ ಕ್ಯಾಸೆಟ್ಟು ಇರಲಿಲ್ಲ. ಹಲ್ಲು ಮುರಿದ ತೂತಿಗೆ ಕಾಗದ ತುರುಕಿದರೆ ಆಗುತ್ತದೆ ಎಂದು ಗೆಳೆಯ ಹೇಳಿಕೊಟ್ಟಿದ್ದ. ತುರುಕಿದೆವು. ಆಯಿತು.

ಯಾವ ಹಾಡು ತುಂಬಿಸಿದೆವು ಎಂಬುದು ಇಂದು ನೆನಪಿಲ್ಲ. ಆ ಸಿನಿಮಾ ಹಾಡು ಇಂದಿಗೂ ಎಲ್ಲ ಕಡೆ ಸಿಕ್ಕೀತು. ಖಾನ್ ಸಾಹೇಬರ ಪ್ಲೇಟು ಸಿಗುತ್ತದೆ, 'ಗಾಂಧಾರಿ'ಯ ದನಿ ಸಿಗುತ್ತದೆ. ಅಜ್ಜಿಯ ದನಿ ಲೋಕದಲ್ಲಿ ಒಂದೇ ಪ್ರತಿ ಇತ್ತು. ಕುಮಾರ ಗಂಧರ್ವರು ಹಾಸಿಗೆಯಲ್ಲಿ ಮಲಗಿ ಪರವೂರಿನ ಹೆಂಗಸರ ಹಾಡಿಗೆ ಕಿವಿ ಕೊಟ್ಟರು. ನಾವು ಮನೆಯ ಹಾಡಿನ ಮೇಲೆ ಕಾಗದ ತುರುಕಿದೆವು. ಮಾವ ಬದುಕಿರುವವರೆಗೆ ಈ ಮಾತು ಅವರಿಗೆ ಹೇಳುವ ಧೈರ್ಯ ನಮಗೆ ಬರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಆ ಹುಡುಗನಿಗೆ ಏನು ಹೇಳಿದೆವು? ಮರುದಿನ ಹಲಗೆಯ ಮೇಲೆ ಹಳೆಯ ಮುಂಬಯಿ ಪ್ರಾಂತದ ನಕಾಶೆ ಬರೆದು ಗದಗು, ಕುಂದಗೋಳ, ಮಿರಜು, ಪುಣೆ, ಜತ್ತ ಗುರುತಿಸಿದೆವು. ಮೊಬೈಲಿನಲ್ಲಿ ಭೀಮಸೇನರು ಹಾಡಿದ ಪುರಂದರದಾಸರ ಪದ, ಆಮೇಲೆ ಅವರದೇ ಅಭಂಗ ಕೇಳಿಸಿದೆವು. "ನಮ್ಮವರೋ ಅವರವರೋ, ನೀನೇ ಹೇಳಪ್ಪ" ಎಂದೆವು. ಅವನು ಸ್ವಲ್ಪ ಹೊತ್ತು ನೋಡಿ "ದನಿ ಒಂದೇ ಐತ್ರಿ ಸರ್" ಎಂದ. ಅಷ್ಟು ಸಾಕು.

ಅದಾದ ಮೇಲೆ ದೀಪಾವಳಿ ರಜೆಗೆ ಮಕ್ಕಳಿಗೆ ಒಂದೇ ಗೃಹಪಾಠ ಕೊಟ್ಟೆವು. ಮನೆಯಲ್ಲಿ ಅಜ್ಜಿ, ದೊಡ್ಡವ್ವ ಯಾರಿದ್ದಾರೋ ಅವರ ಒಂದು ಹಾಡು ಮೊಬೈಲಿನಲ್ಲಿ ತುಂಬಿಕೊಂಡು ಬನ್ನಿ. ಹನ್ನೊಂದು ಹಾಡು ಬಂದವು. ಒಂದರಲ್ಲಿ ಹಿಂದೆ ಆಡು ಒದರುತ್ತದೆ, ಇನ್ನೊಂದರಲ್ಲಿ ಮಿಕ್ಸರ್ ಸದ್ದು, ಒಂದರಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ. ಒಬ್ಬ ಅಜ್ಜಿ ನಡುವೆ ಮರೆತು "ಮುಂದಿಂದ ನೆನಪಿಲ್ಲವಾ ತಂಗಿ, ಬಂದ್ ಮಾಡು" ಎಂದು ಬಿಟ್ಟಿದ್ದಾರೆ. ಮೂರು ಕಡೆ ನಕಲು ಮಾಡಿ ಇಟ್ಟಿದ್ದೇವೆ.

ನಿಮ್ಮ ಮನೆಯಲ್ಲಿ ಹಳೆಯ ಕ್ಯಾಸೆಟ್ಟು ಉಳಿದಿದ್ದರೆ ಬಿಸಾಡುವ ಮುಂಚೆ ಬೆನ್ನು ತಿರುಗಿಸಿ ನೋಡಿ. ಆ ಹಲ್ಲು ಮುರಿದಿದ್ದರೆ, ಒಳಗೆ ಉಳಿಸಬೇಕಾದದ್ದು ಇದೆ ಎಂದು ಯಾರೋ ಒಮ್ಮೆ ಅಂದುಕೊಂಡಿದ್ದರು ಎಂದೇ ಅರ್ಥ.