ಮಣಿಸರದಿಂದ ಮಡಿಲು ಕಿಟ್‌ವರೆಗೆ

ಕರ್ನಾಟಕದ ತಾಯಿ-ಮಕ್ಕಳ ಆರೋಗ್ಯದ ಚರಿತ್ರೆಯನ್ನು ಕಟ್ಟಡಗಳ ಹೆಸರು ಹಿಡಿದು ಹೇಳುವ ರೂಢಿ ನಮ್ಮಲ್ಲಿದೆ. ಮೈಸೂರಿನ ಚೆಲುವಾಂಬ ಆಸ್ಪತ್ರೆ, 1935ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ವಾಣಿವಿಲಾಸ, ಸ್ವಾತಂತ್ರ್ಯಾನಂತರ ಹೋಬಳಿ ಹೋಬಳಿಗೂ ಬಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆ ಕಥೆಯ ಮೈಲಿಗಲ್ಲುಗಳು. ಈ ಲೆಕ್ಕದಲ್ಲಿ ಸುಳ್ಳಿಲ್ಲ, ಆದರೆ ಅದು ಅರ್ಧ ಲೆಕ್ಕ. ನೂರೈವತ್ತು ವರ್ಷಗಳಿಂದ ಇಲ್ಲಿ ಎರಡು ಬಗೆಯ ಪ್ರಯತ್ನಗಳು ಜೊತೆಜೊತೆಗೆ ನಡೆದಿವೆ. ಒಂದು, ತಾಯಂದಿರಿಗೆ ಏನಾದರೂ ವಸ್ತುವನ್ನು ಕೊಡುವುದು: ಆಸ್ಪತ್ರೆ, ಸಾಧನ, ಮಾತ್ರೆ, ಕಿಟ್. ಇನ್ನೊಂದು, ಬಸುರಿಯ ಮನೆಗೆ ಹೋಗಿಬರುವ, ತಿಳಿವಳಿಕೆಯುಳ್ಳ ಒಬ್ಬ ಹೆಂಗಸನ್ನು ಊರಲ್ಲಿ ನೆಲೆ ನಿಲ್ಲಿಸುವುದು. ಆಳುವವರಿಗೆ ಮೊದಲನೆಯದು ಯಾವಾಗಲೂ ಸುಲಭವಾಗಿ ಕಂಡಿದೆ. ಅದನ್ನು ಉದ್ಘಾಟಿಸಬಹುದು, ಎಣಿಸಬಹುದು. ಎರಡನೆಯದಕ್ಕೆ ಸಂಬಳ ಬೇಕು, ಅಧಿಕಾರ ಬೇಕು, ಇವೆರಡಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಆದರೂ ಇಲ್ಲಿ ಬಂದ ಲಾಭ ಗಟ್ಟಿಯಾಗಿ ನಿಂತದ್ದು ಎರಡನೆಯದು ಜೊತೆಗಿದ್ದಾಗ ಮಾತ್ರ.

ಸರ್ಕಾರ ಈ ಕ್ಷೇತ್ರಕ್ಕೆ ಕಾಲಿಡುವ ಮೊದಲು ಹೆರಿಗೆಯೆಂದರೆ ಸೂಲಗಿತ್ತಿಯ ಕೆಲಸ. 1885ರಲ್ಲಿ ವೈಸ್‌ರಾಯ್ ಡಫರಿನ್‌ರ ಪತ್ನಿ ಭಾರತೀಯ ಹೆಂಗಸರಿಗೆ ವೈದ್ಯೆಯರ ನೆರವು ಒದಗಿಸಲು ನಿಧಿಯೊಂದನ್ನು ಕಟ್ಟಿದರು. 1903ರಲ್ಲಿ ಲೇಡಿ ಕರ್ಜನ್ ಸೂಲಗಿತ್ತಿಯರ ತರಬೇತಿಗೆಂದೇ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯನ್ನು ಆರಂಭಿಸಿದರು. ಮೈಸೂರು ಸಂಸ್ಥಾನವೂ ತರಬೇತಿ ಪಡೆದ ದಾದಿಯರನ್ನು ತಾಲ್ಲೂಕುಗಳಿಗೆ ಕಳಿಸಿತು. ಆ ಕಾಲದ ವರದಿಗಳಲ್ಲಿ ಸೂಲಗಿತ್ತಿ ಹೆಚ್ಚಾಗಿ ಅಪರಾಧಿಯಾಗಿಯೇ ಕಾಣುತ್ತಾಳೆ. ಅದಕ್ಕೆ ಆಧಾರವೂ ಇತ್ತು. ತೊಳೆಯದ ಕೈಯಿಂದ ಬಾಣಂತಿಗೆ ನಂಜೇರುತ್ತಿತ್ತು, ಹೊಕ್ಕುಳಬಳ್ಳಿ ಕೊಯ್ದ ಕೊಳಕು ಅಲಗಿನಿಂದ ಕೂಸಿಗೆ ಧನುರ್ವಾಯು ತಗಲುತ್ತಿತ್ತು. ಆದರೆ ಆಕೆಯ ಕೈಯ ದೋಷವನ್ನು ನೋಡಿದವರು ಆಕೆಗಿದ್ದ ಪ್ರವೇಶವನ್ನು ಗಮನಿಸಲಿಲ್ಲ. ಯಾವ ಮನೆಯಲ್ಲಿ ಯಾರು ಬಸುರಿ, ಯಾರಿಗೆ ಹಿಂದಿನ ಹೆರಿಗೆ ಕಷ್ಟವಾಗಿತ್ತು, ಯಾರ ಮನೆಯಲ್ಲಿ ಬಾಣಂತನಕ್ಕೆ ಕಾಳುಕಡ್ಡಿ ಇಲ್ಲ ಎಂಬುದೆಲ್ಲ ಆಕೆಗೆ ಗೊತ್ತಿರುತ್ತಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಹೊಗಳಿದ್ದು ಹದಿನೈದು ಸಾವಿರಕ್ಕೂ ಮಿಕ್ಕಿದ ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದ ಅವರ ಸೇವೆಯನ್ನು. ಅಂಥ ತಿಳಿವನ್ನು ಆರೋಗ್ಯ ಇಲಾಖೆ ತನ್ನೊಳಗೆ ಏಕೆ ತೆಗೆದುಕೊಳ್ಳಲಿಲ್ಲ ಎಂಬ ಪ್ರಶ್ನೆ ಆ ಸಂಭ್ರಮದಲ್ಲಿ ಏಳಲೇ ಇಲ್ಲ.

ತೆಗೆದುಕೊಳ್ಳಬಹುದಾಗಿದ್ದ ಒಂದು ಮಾದರಿ ಹಳೆ ಮೈಸೂರಿನಲ್ಲೇ ಇತ್ತು. 1920ರ ದಶಕದ ಕೊನೆಯಲ್ಲಿ ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಾರ್ವಜನಿಕ ಆರೋಗ್ಯದ ಕೆಲಸ ಕೈಗೆತ್ತಿಕೊಂಡಿತು. ಮೊದಲು ಮಂಡ್ಯದಲ್ಲಿ, ಮುಂದಿನ ದಶಕದಲ್ಲಿ ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದ ರಾಮನಗರದಲ್ಲಿ ಗ್ರಾಮೀಣ ಆರೋಗ್ಯ ಘಟಕಗಳು ಬಂದವು. ರೋಗ ಬಂದವರು ಆಸ್ಪತ್ರೆಗೆ ಬರಲಿ ಎಂದು ಕಾಯುವ ಬದಲು, ಒಂದು ಗೊತ್ತಾದ ಪ್ರದೇಶದ ಎಲ್ಲ ಜನರ ಆರೋಗ್ಯಕ್ಕೂ ಒಂದೇ ತಂಡವನ್ನು ಹೊಣೆ ಮಾಡುವುದು ಈ ಘಟಕಗಳ ತಿರುಳು. ಮಲೇರಿಯಾ, ಕುಡಿಯುವ ನೀರು, ಕಕ್ಕಸುಗಳ ಜೊತೆಗೆ ಬಸುರಿ-ಬಾಣಂತಿಯರ ಆರೈಕೆಯೂ ಅದೇ ತಂಡದ ಪಾಲಿಗೆ ಬಂತು. 1946ರ ಭೋರ್ ಸಮಿತಿ ಇಡೀ ದೇಶಕ್ಕೆ ಸೂಚಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಯಲ್ಲೂ ಈ ಬಗೆಯ ಆಲೋಚನೆಯನ್ನು ಕಾಣಬಹುದು.

ಇದೇ ರಾಮನಗರ 1950ರ ದಶಕದ ಆರಂಭದಲ್ಲಿ ಬೇರೊಂದು ಪ್ರಯೋಗಕ್ಕೂ ನೆಲವಾಯಿತು. ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿವಾದಿ. ಸಂತಾನ ನಿಯಂತ್ರಣದ ಸಾಧನಗಳನ್ನು ಒಪ್ಪದ ಅವರು, ಸುರಕ್ಷಿತ ದಿನಗಳ ಲೆಕ್ಕ ಹಿಡಿಯುವ ವಿಧಾನವನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಬಂದರು. ದೆಹಲಿಯ ಲೋಧಿ ಕಾಲೊನಿ ಮತ್ತು ರಾಮನಗರದಲ್ಲಿ ಅಧ್ಯಯನ ನಡೆಯಿತು. ದಿನ ಎಣಿಸಲು ಹೆಂಗಸರ ಕೈಗೆ ಬಣ್ಣದ ಮಣಿಗಳ ಸರ ಕೊಡಲಾಯಿತು. ದಿನಕ್ಕೊಂದು ಮಣಿ ಸರಿಸಬೇಕು, ಬಣ್ಣ ನೋಡಿ ಅಂದಿನ ಸ್ಥಿತಿ ತಿಳಿಯಬೇಕು. ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ, ಮಣಿ ಹಿಂದಕ್ಕೆ ಜಾರುತ್ತದೆ, ಮುಟ್ಟಿನ ಚಕ್ರವೇ ಏರುಪೇರಾಗಿದ್ದರೆ ಎಣಿಕೆಯೆಲ್ಲ ವ್ಯರ್ಥ. ಪ್ರಯೋಗ ಸೋತಿತು. ತಮಾಷೆಯ ಪ್ರಸಂಗವೆಂಬಂತೆ ಇದನ್ನು ಹೇಳುವವರು ರಾಮನಗರದ ಹೆಂಗಸರ ಅಜ್ಞಾನವನ್ನು ಮುಂದೆ ಮಾಡುವುದುಂಟು. ಅದು ಅನ್ಯಾಯ. ಇದೇ ಮೈಸೂರು ಸರ್ಕಾರ 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ವಿಷಯ ಈ ನಾಡಿಗೆ ಹೊಸದಾಗಿರಲಿಲ್ಲ. ಮನೆಗೆ ಬಂದವರ ಮಾತನ್ನು ಹೆಂಗಸರು ಆಸಕ್ತಿಯಿಂದಲೇ ಕೇಳಿದರು. ಸೋತದ್ದು ಅವರಿಗೆ ಏನು ಬೇಕೆಂದು ಕೇಳದೆ ದೂರದಲ್ಲಿ ಕೂತು ಆರಿಸಿದ ವಿಧಾನ. ಮನೆಬಾಗಿಲಿಗೆ ಹೋದರಷ್ಟೇ ಸಾಲದು, ಹೋದವರು ಯಾರ ಅಗತ್ಯವನ್ನು ಹೊತ್ತು ಹೋಗುತ್ತಾರೆ ಎಂಬುದೂ ಮುಖ್ಯ ಎಂಬ ಪಾಠ ಇಲ್ಲಿತ್ತು.

ಆ ಪಾಠವನ್ನು ಯಾರೂ ಕಲಿಯಲಿಲ್ಲ ಎಂಬುದಕ್ಕೆ ಎಎನ್‌ಎಂ, ಅಂದರೆ ಸಹಾಯಕ ದಾದಿ-ಸೂಲಗಿತ್ತಿ ಹುದ್ದೆಯ ಚರಿತ್ರೆಯೇ ಸಾಕ್ಷಿ. 1950ರ ದಶಕದಲ್ಲಿ ಹುಟ್ಟಿದಾಗ ಆಕೆ ಮೊದಲಿಗೆ ಸೂಲಗಿತ್ತಿ, ಆಮೇಲೆ ನರ್ಸ್. ಹಳ್ಳಿಯ ಹೆರಿಗೆ ಮಾಡಿಸುವುದೇ ಆಕೆಯ ಮುಖ್ಯ ಕೆಲಸ. 1960ರ ದಶಕದ ನಡುವಿನಿಂದ ಕುಟುಂಬ ಯೋಜನೆಯ ಗುರಿಗಳು ಆಕೆಯ ಹೆಗಲೇರಿದವು. ತಿಂಗಳಿಗಿಷ್ಟು ಲೂಪ್, ವರ್ಷಕ್ಕಿಷ್ಟು ಆಪರೇಷನ್ ಕೇಸು ತರದಿದ್ದರೆ ಸಂಬಳಕ್ಕೇ ಸಂಚಕಾರ. 1973ರ ಕರ್ತಾರ್ ಸಿಂಗ್ ಸಮಿತಿ ಆಕೆಯನ್ನು ವಿವಿಧೋದ್ದೇಶ ಕಾರ್ಯಕರ್ತೆಯನ್ನಾಗಿಸಿತು. ಎರಡು ವರ್ಷದ ತರಬೇತಿ 1977ರಲ್ಲಿ ಹದಿನೆಂಟು ತಿಂಗಳಿಗೆ ಇಳಿಯಿತು, ಹೆರಿಗೆ ಮಾಡಿಸುವ ಕೈಚಳಕ ಅದರಲ್ಲೇ ಸೊರಗಿತು. ತುರ್ತುಪರಿಸ್ಥಿತಿಯ ಬಲವಂತದ ಶಸ್ತ್ರಚಿಕಿತ್ಸೆಗಳ ನಂತರವಂತೂ ಆರೋಗ್ಯ ಇಲಾಖೆಯವರು ಬಂದರೆಂದರೆ ಜನ ಅನುಮಾನಿಸುವಂತಾಯಿತು. ಗುರಿಗಳನ್ನು ಅಧಿಕೃತವಾಗಿ ಕೈಬಿಟ್ಟದ್ದು 1996ರಲ್ಲಿ. ಮೂವತ್ತು ವರ್ಷ ಒಬ್ಬ ದಾದಿಯ ಮೇಲಿನ ನಂಬಿಕೆಯನ್ನು ಕೇಸುಗಳಿಗಾಗಿ ಖರ್ಚು ಮಾಡಿದ್ದಕ್ಕೆ ಬೆಲೆ ತೆತ್ತವರು ಬಸುರಿಯರು.

ಮನೆಗೆ ಹೋಗಿಬರುವ ಹೆಂಗಸೇ ಮುಖ್ಯ ಎಂಬ ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ತಾಯಂದಿರನ್ನು ನಿಜಕ್ಕೂ ಉಳಿಸಿದ್ದು ಆಸ್ಪತ್ರೆಯಲ್ಲವೇ? ರಕ್ತಸ್ರಾವವಾದಾಗ ರಕ್ತ ಬೇಕು, ನಂಜಿಗೆ ಆಂಟಿಬಯಾಟಿಕ್ ಬೇಕು, ಕೂಸು ಅಡ್ಡವಾದಾಗ ಸಿಸೇರಿಯನ್ ಬೇಕು. ಮನೆಗೆ ಬಂದ ಹೆಂಗಸು ಇವುಗಳಲ್ಲಿ ಯಾವುದನ್ನೂ ಕೊಡಲಾರಳು. ಅಂಕಿಗಳೂ ಹಾಗೆಯೇ ಹೇಳುವಂತಿವೆ. 1992-93ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆದವು ಶೇ. 40ಕ್ಕೂ ಕಡಿಮೆ, 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ. 97. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಇದನ್ನು ಅಲ್ಲಗಳೆಯಲಾಗದು, ಅಲ್ಲಗಳೆಯುವ ಅಗತ್ಯವೂ ಇಲ್ಲ. ಆದರೆ ಆಸ್ಪತ್ರೆಗಳು ಮೊದಲೂ ಇದ್ದವು. ಹಳ್ಳಿಯ ಬಸುರಿ ಅಲ್ಲಿಗೆ ಹೋಗುವಂತೆ ಮಾಡಿದ್ದು ಯಾವುದು? 2005ರ ಜನನಿ ಸುರಕ್ಷಾ ಯೋಜನೆಯ ಹಣ, ಬಡ ಬಾಣಂತಿಗೆ ಸೊಳ್ಳೆಪರದೆ, ಹೊದಿಕೆ, ಸೋಪುಗಳ ಗಂಟು ಕೊಟ್ಟ ಮಡಿಲು ಕಿಟ್, 108 ಆಂಬುಲೆನ್ಸ್ ಇವೆಲ್ಲ ನೆರವಾದವು. ಈ ಎಲ್ಲವನ್ನೂ ಬಸುರಿಯ ಜೊತೆ ಜೋಡಿಸಿದವಳು ಅದೇ 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆ. ತಾಯಿ ಕಾರ್ಡ್ ಮಾಡಿಸಿದವಳು, ನೋವು ಬಂದಾಗ ಗಾಡಿ ಕರೆಸಿದವಳು, ಜೊತೆಗೆ ಹೋಗಿ ಕೂತವಳು ಆಕೆ.

ಆಸ್ಪತ್ರೆಯ ಮಿತಿಯೂ ಅದೇ ಸಮೀಕ್ಷೆಯಲ್ಲಿದೆ. ಶೇ. 97 ಹೆರಿಗೆ ಆಸ್ಪತ್ರೆಯಲ್ಲಾಗುವ ರಾಜ್ಯದಲ್ಲಿ ಬಸುರಿಯರ ಪೈಕಿ ಶೇ. 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಕುಳ್ಳು. ಆಸ್ಪತ್ರೆ ಹೆರಿಗೆಯ ದಿನವನ್ನು ಗೆದ್ದಿದೆ. ಅದರ ಹಿಂದಿನ ಒಂಬತ್ತು ತಿಂಗಳು, ಮುಂದಿನ ಎರಡು ವರ್ಷ ಇನ್ನೂ ಅಡುಗೆಮನೆಯಲ್ಲಿ, ಹೊಲದ ದುಡಿಮೆಯಲ್ಲಿ, ಅತ್ತೆಮಾವಂದಿರ ತೀರ್ಮಾನಗಳಲ್ಲಿ ಕಳೆಯುತ್ತಿವೆ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಬ್ಲಾಕ್‌ಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ತಿ. ನರಸೀಪುರ ಅವುಗಳಲ್ಲಿತ್ತು. ಈ ಕಾಲಾವಧಿಯನ್ನು ಹಿಡಿಯಲೆಂದೇ ಆ ಯೋಜನೆ ಬಂದದ್ದು. 2017ರ ಮಾತೃಪೂರ್ಣ ಬಸುರಿಯರಿಗೆ ಬಿಸಿಯೂಟವನ್ನು ಅಂಗನವಾಡಿಯಲ್ಲೇ ಕೊಡಲು ಹೊರಟಿತು. ಯೋಜನೆಗಳು ಹೆಚ್ಚಿದಂತೆ ಅಂಗನವಾಡಿ ಕಾರ್ಯಕರ್ತೆಯ ಮೇಜಿನ ಮೇಲೆ ರಿಜಿಸ್ಟರುಗಳೂ ಹೆಚ್ಚಿದವು, ಆಮೇಲೆ ಮೊಬೈಲ್ ಆ್ಯಪ್ ಬಂತು. ಮನೆ ಭೇಟಿಗೆ ಉಳಿದ ಹೊತ್ತು ಕಡಿಮೆಯಾಯಿತು.

ಇನ್ನೊಂದು ಆಕ್ಷೇಪ ಹಣದ್ದು. ಇಷ್ಟೊಂದು ಹೆಂಗಸರನ್ನು ಖಾಯಂ ನೌಕರರಾಗಿ ಸಾಕಲು ಯಾವ ಖಜಾನೆಗೆ ಶಕ್ತಿಯಿದೆ ಎಂದು ಕೇಳುವವರಿದ್ದಾರೆ. ಹೊರೆ ದೊಡ್ಡದೇ. ಆದರೆ ಈಗಿನ ಅಗ್ಗದ ಲೆಕ್ಕ ಆ ಹೊರೆಯನ್ನು ಇಲ್ಲವಾಗಿಸಿಲ್ಲ, ಕಾರ್ಯಕರ್ತೆಯ ಮನೆಗೆ ವರ್ಗಾಯಿಸಿದೆ. ಅಂಗನವಾಡಿಯವರಿಗೆ ಸಿಗುವುದು ಗೌರವಧನ, ಆಶಾಗಳಿಗೆ ಗೌರವಧನದ ಜೊತೆ ಕೆಲಸಕ್ಕಿಷ್ಟು ಪ್ರೋತ್ಸಾಹಧನ. ಅಂಗನವಾಡಿಯವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ವೇತನಕ್ಕಾಗಿ ಧರಣಿ ಕೂರುವುದು ಅವರಿಗೆ ಆಮೇಲೂ ತಪ್ಪಲಿಲ್ಲ. ಕೆಲಸಕ್ಕಿಷ್ಟು ಎಂದು ಎಣಿಸಿ ಕೊಡುವಲ್ಲಿ ಎಣಿಕೆಗೆ ಸಿಗುವ ಕೆಲಸವೇ ಮುಂದಾಗುತ್ತದೆ. ಕೇಸುಗಳ ಕಾಲದಲ್ಲಿ ಎಎನ್‌ಎಂಗೆ ಆದದ್ದೂ ಅದೇ. ಬಾಣಂತಿಯ ಮಂಕು ಮುಖವನ್ನು ಗಮನಿಸಿ ಅರ್ಧ ಗಂಟೆ ಮಾತಾಡಿಸಿದ್ದು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಆ ಅರ್ಧ ಗಂಟೆಗೂ ಸಂಬಳ ಕೊಡಲು ಸರ್ಕಾರ ಒಪ್ಪುವವರೆಗೆ ರಕ್ತಹೀನತೆಯ ಅಂಕಿ ಮಾತ್ರೆ ಹಂಚಿದಷ್ಟಕ್ಕೇ ಕರಗೀತು ಎಂದು ನಿರೀಕ್ಷಿಸಲು ಈ ಚರಿತ್ರೆ ಅವಕಾಶ ಕೊಡುವುದಿಲ್ಲ.