ಕಾರಟಗಿ ಸೀಮೆಯ ನೀರು ಮತ್ತು ನೆಲ್ಲು

ಕಾರಟಗಿಯ ಸುತ್ತಣ ಸೀಮೆಯಲ್ಲಿ ಇಂದು ನೆಲ್ಲುಗದ್ದೆಗಳೂ ಅಕ್ಕಿಯ ಗಿರಣಿಗಳೂ ತುಂಬಿರುವುವು. ಇದು ವಿಜಯನಗರದ ಕಾಲದಿಂದ ಬಂದ ಸಿರಿಯೆಂದು ಎಣಿಸುವವರುಂಟು, ಅದು ಸರಿಯಲ್ಲ. ಆ ಅರಸರು ತುಂಗಭದ್ರೆಗೆ ಒಡ್ಡು ಕಟ್ಟಿ ತೆಗೆಸಿದ ಕಾಲುವೆಗಳು ಆನೆಗೊಂದಿಯೇ ಮೊದಲಾದ ಹೊಳೆದಂಡೆಯ ಊರುಗಳಿಗೆ ಮಾತ್ರ ನೀರುಣಿಸಿದುವು. ಆಚೆಯ ಎರೆಭೂಮಿಯು ಮಳೆಯನ್ನೇ ನಂಬಿ ಜೋಳ ಬೆಳೆಯುತ್ತಿದ್ದಿತು. 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮವು ಬಹುವಾಗಿ ಬಾಧಿಸಿದುದು ದಕ್ಷಿಣಾಪಥದ ಇಂತಹ ನಾಡುಗಳನ್ನೇ.

1945ನೆಯ ಫೆಬ್ರವರಿ 28ರಂದು ಹೈದರಾಬಾದು ಸಂಸ್ಥಾನವೂ ಮದರಾಸು ಪ್ರಾಂತವೂ ಕೂಡಿ ಅಣೆಕಟ್ಟಿಗೆ ಅಡಿಗಲ್ಲಿರಿಸಿದುವು. 1953ರಲ್ಲಿ ನೀರು ಹರಿಯಿತು. ನೀರನ್ನು ತೆಳುವಾಗಿ ಹರಡಿ, ಜೋಳ, ಹತ್ತಿ, ಶೇಂಗಾಗಳಿಗೆ ಹಾಯಿಸಿ, ಬಹುಗ್ರಾಮಗಳನ್ನು ಬರದಿಂದ ಕಾಯಬೇಕೆಂಬುದು ಎಡದಂಡೆಯ ಕಾಲುವೆಯ ಮೂಲೋದ್ದೇಶ. ನೆಲ್ಲಿಗೆ ಗೊತ್ತುಪಡಿಸಿದ ಭೂಮಿ ಸ್ವಲ್ಪವೇ. ಆದರೆ ಕರಾವಳಿಯ ಆಂಧ್ರದಿಂದ ಬಂದು, ನೆಲ ಕೊಂಡು, ಕ್ಯಾಂಪುಗಳನ್ನು ಕಟ್ಟಿ ನೆಲಸಿದವರು ನೆಲ್ಲನ್ನೇ ಹಬ್ಬಿಸಿದರು, ಸ್ಥಳಿಕರೂ ಅನುಸರಿಸಿದರು. ಅವರನ್ನೇ ದೂರುವುದು ನ್ಯಾಯವೆಂದು ನಮಗೆ ತೋರದು. ಮನೆಯ ಮುಂದೆ ನೀರು ಹರಿಯುತ್ತಿರಲು ಹೆಚ್ಚಿನ ಲಾಭದ ಬೆಳೆಯನ್ನು ಬಿಡುವ ಒಕ್ಕಲಿಗನಾರು? ತೂಬಿನ ಬಳಿ ಅಳತೆ ಸಡಿಲಾಯಿತೆಂಬುದೇ ಇಲ್ಲಿಯ ಮುಖ್ಯಾಂಶ.

ಗಿರಣಿಗಳಿಂದ ಇಲ್ಲಿ ಕೂಲಿಯೂ ವ್ಯಾಪಾರವೂ ಬೆಳೆದುವು. ಕೆಲವೆಡೆ ನೆಲವು ಸವಳು-ಜವಳಾಯಿತು. ಜಲಾಶಯದ ಹಿಡಿತವೂ ಹೂಳಿನಿಂದ ಸುಮಾರು 133 ಟಿ.ಎಂ.ಸಿ. ಅಡಿಗಳಿಂದ 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಈ ಸಿರಿಯೆಲ್ಲ ಎಷ್ಟು ಸಣ್ಣ ಎಳೆಯಲ್ಲಿ ತೂಗುತ್ತಿದೆಯೆಂಬುದು ಗೋಚರವಾಯಿತು. ಆದರೆ ಮಾನ್ವಿ, ರಾಯಚೂರುಗಳ ಕಡೆಯ ಕೊನೆಭಾಗದ ರೈತರಿಗೆ ಇದು ಹೊಸತಲ್ಲ. ನಕ್ಷೆಯಲ್ಲಿ ನೀರಾವರಿಯೆಂದು ಗುರುತಾದ ಅಲ್ಲಿಯ ಹಲವು ಹೊಲಗಳು ಇಂದಿಗೂ ಮಳೆಯನ್ನೇ ಕಾಯುತ್ತಿರುವುವು.