ಜೋಳದ ಹಾದಿಯ ಗುಡಿಗಳು

ಊರು ನೋಡಲು ಬಂದ ನೆಂಟರನ್ನು ನಾವು ಕಲಬುರಗಿಯ ಕೋಟೆಗೆ ಕರೆದೊಯ್ಯುತ್ತೇವೆ. ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ ತೋರಿಸುತ್ತೇವೆ. ಮರುದಿನ ಗೋಲಗುಮ್ಮಟ ನೋಡಲೆಂದು ವಿಜಯಪುರದ ಬಸ್ಸು ಹತ್ತಿಸಿಬಿಡುತ್ತೇವೆ. ಸುತ್ತಲಿನ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳು ಬಸ್ಸಿನ ಕಿಟಕಿಯಲ್ಲಿ ಬರಿಯ ಕರಿಹೊಲವಾಗಿ ಸರಿದುಹೋಗುತ್ತವೆ. ಆ ಹೊಲಗಳ ನಡುವಿನ ಸಣ್ಣ ಹಾದಿಗಳಲ್ಲಿ ಮೂರು ದಿನ ಸೈಕಲ್ ತುಳಿದು ಬಂದ ಮೇಲೆ ನನಗೆ ಅನಿಸಿದ್ದಿಷ್ಟು: ನಮ್ಮ ಚರಿತ್ರೆಯ ದೊಡ್ಡ ಪಾಲು ಕೋಟೆಯೊಳಗಿಲ್ಲ, ಜೋಳದ ಹೊಲದ ಬದುವಿನಲ್ಲಿದೆ. ಅದನ್ನು ಕಾಯ್ದುಕೊಂಡು ಬಂದವರಲ್ಲಿ ಹೆಂಗಸರೇ ಹೆಚ್ಚು.

ಫ್ರಾನ್ಸ್ ದೇಶದಲ್ಲಿ ಹಳ್ಳಿದಾರಿಗಳ ಸೈಕಲ್ ಪ್ರವಾಸ ಬಹಳ ಜನಪ್ರಿಯ. ಗದ್ದಲವಿಲ್ಲದ ಕಿರುದಾರಿ ಹಿಡಿದು ಒಂದು ಹಳ್ಳಿಯ ಹಳೆಯ ಚರ್ಚಿನಿಂದ ಇನ್ನೊಂದು ಹಳ್ಳಿಯ ಚರ್ಚಿಗೆ ಹೋಗುವುದು ಅಲ್ಲಿನವರ ರಜೆಯ ಸುಖ. ಆ ಕಲ್ಲಿನ ಚರ್ಚುಗಳಲ್ಲಿ ಅನೇಕವು ಹನ್ನೊಂದು ಹನ್ನೆರಡನೆಯ ಶತಮಾನದವು. ಅಂದರೆ ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು ಗುಡಿ ಕಟ್ಟಿಸುತ್ತಿದ್ದ ಕಾಲದವು. ಅಲ್ಲಿ ದೂರದಿಂದಲೇ ಗಂಟೆಗೋಪುರ ಕಂಡು ಊರು ಬಂತೆಂದು ತಿಳಿಯುತ್ತದೆ. ನಮ್ಮಲ್ಲಿ ಮೊದಲು ಕಾಣುವುದು ಬೇವಿನ ಮರ, ಅದರಡಿಯ ಕಟ್ಟೆ, ಕಟ್ಟೆಯ ಮೇಲೆ ಎಣ್ಣೆ ಕುಂಕುಮ ಮೆತ್ತಿದ ಒಂದು ಕಲ್ಲು. ಹತ್ತಿರ ಹೋದರೆ ಅದು ವೀರಗಲ್ಲೋ ನಾಗರಕಲ್ಲೋ ಆಗಿರುತ್ತದೆ. ಬಸ್ಸಿನ ವೇಗಕ್ಕೆ ಅದು ಸಿಕ್ಕುವುದಿಲ್ಲ. ನಡೆದು ಹೋದರೆ ಮುಂದಿನ ಊರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಈ ಸೀಮೆಗೆ ಹೇಳಿ ಮಾಡಿಸಿದ ಗತಿಯೆಂದರೆ ಸೈಕಲ್ಲಿನದೇ. ಆದರೆ ಮಳೆಗಾಲದಲ್ಲಿ ಬೇಡ. ಎರೆಮಣ್ಣು ಚಕ್ರಕ್ಕೆ ಮೆತ್ತಿದರೆ ಸೈಕಲ್ಲನ್ನೇ ಹೆಗಲಿಗೇರಿಸಬೇಕಾದೀತು. ದೀಪಾವಳಿ ಕಳೆದು ಎಳ್ಳಮಾವಾಸ್ಯೆ ಬರುವವರೆಗಿನ ದಿನಗಳು ಒಳ್ಳೆಯವು.

ಆಳಂದದಿಂದ ಹೊರಡೋಣ. ಊರಿನ ಹೆಸರು ಹೇಳಿದೊಡನೆ ನೆನಪಾಗುವುದು ಲಾಡ್ಲೆ ಮಶಾಕ್ ದರ್ಗಾ. ಸೂಫಿ ಸಂತ ಅಲಾಉದ್ದೀನ್ ಅನ್ಸಾರಿಯವರನ್ನು ಜನ ಪ್ರೀತಿಯಿಂದ ಕರೆದ ಹೆಸರದು. ಅದೇ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ. 2022ರ ಶಿವರಾತ್ರಿಯ ಹೊತ್ತಿಗೆ ಈ ಜಾಗ ಜಗಳದ ಸುದ್ದಿಯಾಗಿ ಪತ್ರಿಕೆಗಳಲ್ಲಿ ಬಂತು; ಯಾರು ಯಾವ ಹೊತ್ತಿಗೆ ಒಳಗೆ ಹೋಗಬೇಕೆಂಬುದನ್ನು ಆಮೇಲೆ ನ್ಯಾಯಾಲಯ ಹೇಳಬೇಕಾಯಿತು. ಒಂದೇ ಅಂಗಳದಲ್ಲಿ ಎರಡು ದೀಪ ಉರಿಯುವುದು ಈ ಸೀಮೆಗೆ ಹೊಸತೇನಲ್ಲ. ಅದು ಸುದ್ದಿಯಾದದ್ದೇ ಹೊಸತು.

ಆಳಂದದಿಂದ ಕಲಬುರಗಿಯ ಕಡೆ ಬಂದರೆ ಕಡಗಂಚಿ. ಈಗ ಎಲ್ಲರೂ ಬಲ್ಲದ್ದು ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯವನ್ನು. ಅದು ಸ್ಥಾಪನೆಯಾದದ್ದು 2009ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಈ ಊರು ಒಬ್ಬ ದೊಡ್ಡ ಗ್ರಂಥಕರ್ತನನ್ನು ಕೊಟ್ಟಿತ್ತು. ಮರಾಠಿಯಲ್ಲಿ ‘ಗುರುಚರಿತ್ರೆ’ ಬರೆದ ಸರಸ್ವತಿ ಗಂಗಾಧರ ಕಡಗಂಚಿಯವನೆಂದು ಪರಂಪರೆ ಹೇಳುತ್ತದೆ. ಅವನ ಮನೆಮಾತು ಕನ್ನಡ. ಮಹಾರಾಷ್ಟ್ರದ ಭಾಷೆ ತನಗೆ ಚೆನ್ನಾಗಿ ಬಾರದೆಂದು ಅವನೇ ವಿನಯದಿಂದ ಹೇಳಿಕೊಂಡಿದ್ದಾನೆ. ಮಹಾರಾಷ್ಟ್ರದ ಮನೆಮನೆಯಲ್ಲಿ ಸಪ್ತಾಹ ಕೂತು ಪಾರಾಯಣ ಮಾಡುವ ಗ್ರಂಥ ಹೀಗೆ ಕನ್ನಡದ ನಾಲಿಗೆಯಿಂದ ಬಂತು. ಆ ಗ್ರಂಥವನ್ನು ಹೆಂಗಸರು ತಾವೇ ಓದಬಾರದು, ಕೇಳಿದರೆ ಸಾಕು ಎಂಬ ಕಟ್ಟಳೆ ಎಷ್ಟೋ ಮನೆಗಳಲ್ಲಿತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಹೋಗಬೇಕು. ಏಕೆಂದರೆ ಆ ಗ್ರಂಥದ ತುಂಬ ಇರುವವರು ಹೆಂಗಸರೇ.

ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಹೊಳೆಯ ಜಾಡು ಹಿಡಿದರೆ ಅಫಜಲಪುರ ತಾಲ್ಲೂಕಿನ ಗಾಣಗಾಪುರ. ಅಮರ್ಜಾ ಅಲ್ಲಿ ಭೀಮೆಯನ್ನು ಸೇರುತ್ತಾಳೆ. ಸಂಗಮದಲ್ಲಿ ಔದುಂಬರ, ಅಂದರೆ ನಮ್ಮ ಅತ್ತಿಮರ, ಊರೊಳಗೆ ಮಠ. ಹದಿನೈದನೆಯ ಶತಮಾನದಲ್ಲಿ ನರಸಿಂಹ ಸರಸ್ವತಿ ಯತಿಗಳು ಇಲ್ಲಿ ನೆಲೆಸಿದ್ದರು. ಇಲ್ಲಿ ಮೂರ್ತಿಗಿಂತ ಮುಖ್ಯವಾದದ್ದು ಪಾದುಕೆ. ಅದನ್ನು ಸಣ್ಣದೊಂದು ಕಿಂಡಿಯಿಂದ ನೋಡಬೇಕು. ಮಧ್ಯಾಹ್ನ ಸಿರಿವಂತರೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾರೆ. ರೊಟ್ಟಿ ತುಣುಕು, ಒಂದಿಷ್ಟು ಅನ್ನ ಜೋಳಿಗೆಗೆ ಬೀಳುತ್ತದೆ. ಆರತಿಯ ಹೊತ್ತಿಗೆ ಮೈಮೇಲೆ ಬಂದ ಹೆಂಗಸರು ತಲೆಗೂದಲು ಬಿಚ್ಚಿ ತೂಗುವುದನ್ನೂ ಇಲ್ಲಿ ನೋಡಬಹುದು. ನೋಡಿ ನಗಬಾರದು. ಮನೆಯಲ್ಲಿ ಬಾಯಿ ತೆರೆದು ಹೇಳಲಾಗದ್ದನ್ನು ಕೂಗಿ ಹೇಳಲು ಕೆಲವರಿಗೆ ಸಿಕ್ಕ ಜಾಗ ಇದೊಂದೇ ಇರಬಹುದು.

ಗುರುಚರಿತ್ರೆಯಲ್ಲಿ ಈ ಊರಿನ ಬಡವಿಯೊಬ್ಬಳು ಬರುತ್ತಾಳೆ. ಅವಳ ಗೊಡ್ಡೆಮ್ಮೆ ಗುರುವಿಗಾಗಿ ಹಾಲು ಕರೆಯುತ್ತದೆ. ಅರವತ್ತು ದಾಟಿದ ಮೇಲೆ ತಾಯಿಯಾದ ಗಂಗಾ ಎಂಬವಳು ಬರುತ್ತಾಳೆ. ಬಿದರೆಯ ಸುಲ್ತಾನ ಕುರು ಎದ್ದು ಬಳಲಿ ಈ ಯತಿಯ ಬಳಿಗೆ ಬಂದು ಗುಣವಾಗುವ ಕಥೆಯೂ ಇದೆ. ಅರಸನ ಧರ್ಮ ಯಾವುದೆಂಬುದು ಕಥೆಗೆ ಅಡ್ಡಿಯಾಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಒಬ್ಬ ಒಕ್ಕಲಿಗನ ಹೆಂಡತಿ. ಬೆಳೆ ಬಲಿಯುವ ಮುನ್ನವೇ ಕೊಯ್ದುಬಿಡು ಎಂದು ಗುರು ಹೇಳುತ್ತಾರೆ. ಗಂಡ ಕುಡುಗೋಲು ಹಿಡಿಯುತ್ತಾನೆ. ಹೆಂಡತಿ ಅಡ್ಡ ಬರುತ್ತಾಳೆ, ಅಳುತ್ತಾಳೆ. ಊರಿನ ಅಧಿಕಾರಿಯವರೆಗೂ ದೂರು ಹೋಗುತ್ತದೆ. ಆಮೇಲೆ ಅಕಾಲದ ಮಳೆ ಹೊಡೆದು ಎಲ್ಲರ ಪೈರು ಹೋದಾಗ ಇವನ ಕೊಯ್ದ ಕೂಳೆ ಚಿಗುರಿ ಹಲವು ಪಟ್ಟು ಬೆಳೆಯುತ್ತದೆ. ಪಾರಾಯಣ ಮಾಡುವವರು ಇದನ್ನು ಗಂಡನ ಭಕ್ತಿಯ ಕಥೆಯೆಂದು ಓದುತ್ತಾರೆ. ನಾವು ಅವಳ ಕಡೆಯಿಂದಲೂ ಓದಬೇಕು. ಕಣಜದಲ್ಲಿ ಎಷ್ಟು ಕಾಳಿದೆ, ಎಷ್ಟು ಬಾಯಿಗಳಿವೆ ಎಂಬ ಲೆಕ್ಕ ಗೊತ್ತಿದ್ದವಳು ಅವಳೊಬ್ಬಳೇ. ಕೂಳೆ ಜೋಳ ಚಿಗುರುವುದು ಪವಾಡವಷ್ಟೇ ಅಲ್ಲ, ಹೊಲ ಬಲ್ಲವರಿಗೆಲ್ಲ ಗೊತ್ತಿದ್ದ ಸಂಗತಿ. ಎಳೆ ಚಿಗುರನ್ನು ದನ ಮೇಯ್ದರೆ ವಿಷವಾಗುತ್ತದೆಂಬುದನ್ನು ನಮ್ಮ ಹಳ್ಳಿಯ ಮುದುಕಿಯರು ಈಗಲೂ ಎಚ್ಚರಿಸುತ್ತಾರೆ.

ಇದೇ ತಾಲ್ಲೂಕಿನಲ್ಲಿ ಭೀಮೆಯ ದಂಡೆಗೆ ಘತ್ತರಗಿ. ಅಲ್ಲಿನ ಭಾಗ್ಯವಂತಿಗೆ ಉಡಿ ತುಂಬಲು ಹೆಂಗಸರು ಎಲ್ಲೆಲ್ಲಿಂದಲೋ ಬರುತ್ತಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಸೀಮೆಯ ದಂಡೆಯ ಊರುಗಳನ್ನು ನುಗ್ಗಿದಳು. ಹೊಳೆ ಇಲ್ಲಿ ತಾಯಿ ಹೌದು, ಆದರೆ ಸಿಟ್ಟಿನ ತಾಯಿ.

ಅಫಜಲಪುರದ ಸೀಮೆ ದಾಟಿ ಹೊಳೆಯ ಇಳಿಜಾರಿಗೆ ಬಂದರೆ, ಜೇವರ್ಗಿ ಮುಟ್ಟುವ ಮೊದಲು, ಈಚೆ ದಡದಲ್ಲಿ ಫಿರೋಜಾಬಾದ್. ಬಹಮನಿ ಸುಲ್ತಾನ ಫಿರೋಜ್ ಷಾ 1400ರಲ್ಲಿ ಕಟ್ಟಿಸಿದ ಪಟ್ಟಣ. ಪಡುವಣಕ್ಕೆ ಭೀಮೆಯೇ ಗೋಡೆ, ಉಳಿದ ಮೂರು ಕಡೆ ಕಲ್ಲಿನ ಕೋಟೆ. ಒಳಗೆ ದೊಡ್ಡ ಮಸೀದಿ, ಕುಸಿದ ಅರಮನೆ, ನಡುವೆ ಹೊಲ. ಈ ಪಾಳುಗೋಡೆಗಳ ನಡುವೆ ನನಗೆ ನೆನಪಾದದ್ದು ಮುದುಗಲ್ಲಿನ ಅಕ್ಕಸಾಲಿಗನ ಮಗಳು. ಇನ್ನೂರು ವರ್ಷಗಳ ನಂತರ ವಿಜಯಪುರದಲ್ಲಿ ಕುಳಿತು ಇತಿಹಾಸ ಬರೆದ ಫೆರಿಷ್ತಾ ಅವಳ ಕಥೆ ಹೇಳುತ್ತಾನೆ. ವಿಜಯನಗರದ ದೇವರಾಯ ಅವಳನ್ನು ರಾಣಿಯಾಗಿ ಬಯಸಿ ಕಂಠಹಾರ ಕಳಿಸಿದ. ಅರಮನೆ ಹೊಕ್ಕ ಹೆಣ್ಣು ಮತ್ತೆ ತಾಯಿತಂದೆಯರ ಮುಖ ನೋಡುವಂತಿಲ್ಲವೆಂದು ಅವಳು ಒಲ್ಲೆನೆಂದಳು. ಅದರಿಂದಲೇ 1406ರ ಯುದ್ಧ ಹುಟ್ಟಿತೆಂದು ಅವನ ಮಾತು. ಕೊನೆಗೆ ಅವಳು ಫಿರೋಜನ ಮಗ ಹಸನ್ ಖಾನನ ಹೆಂಡತಿಯಾದಳು. 1422ರಲ್ಲಿ ಸಿಂಹಾಸನ ಚಿಕ್ಕಪ್ಪನ ಪಾಲಾದಾಗ ಹಸನನಿಗೆ ಇರಲು ಕೊಟ್ಟದ್ದು ಇದೇ ಫಿರೋಜಾಬಾದಿನ ಅರಮನೆ. ಸುತ್ತ ಕೆಲವೇ ಹರದಾರಿ ತಿರುಗಾಡಲು ಅಪ್ಪಣೆ. ತವರಿನ ಹಾದಿ ಮುಚ್ಚೀತೆಂದು ರಾಣಿವಾಸ ಒಲ್ಲೆನೆಂದವಳ ಕಥೆ ನಾಲ್ಕು ಗೋಡೆಗಳ ಊರಿಗೇ ಬಂದು ನಿಲ್ಲುತ್ತದೆ. ಕಥೆಯೆಷ್ಟು, ಚರಿತ್ರೆಯೆಷ್ಟು ಎಂದು ವಿದ್ವಾಂಸರು ವಾದಿಸಲಿ. ಅವಳ ಅಂಜಿಕೆ ಮಾತ್ರ ಸುಳ್ಳಲ್ಲ. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳಿಗೆಲ್ಲ ಅದು ಗೊತ್ತು.

ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆ ದಾಟಿದರೆ ಜೇವರ್ಗಿ. ಈ ಸೀಮೆಯ ಅರಳಗುಂಡಗಿಯೇ ಶರಣಬಸವೇಶ್ವರರು 1746ರಲ್ಲಿ ಹುಟ್ಟಿದ ಊರು. ಇಲ್ಲಿ ಮತ್ತೆ ಜೋಳದ ಕಥೆ. ಹೊಲ ಕಾಯಬೇಕಾದ ಶರಣರು ಹಕ್ಕಿ ಓಡಿಸುವ ಬದಲು ಅವಕ್ಕೆ ನೀರಿಟ್ಟು ತೆನೆ ತಿನ್ನಬಿಟ್ಟರಂತೆ. ಮನೆಯವರು ಸಿಟ್ಟಾದರು, ರಾಶಿ ಮಾಡಿದಾಗ ಕಾಳು ಹೆಚ್ಚೇ ಬಂತು. ಮುಂದೆ ಅವರು ಕಲಬುರಗಿಗೆ ಬಂದು ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದರು. ಗಾಣಗಾಪುರದ ಯತಿಗೂ ಅರಳಗುಂಡಗಿಯ ಶರಣರಿಗೂ ನಡುವೆ ಮೂರು ಶತಮಾನ. ಸಂಪ್ರದಾಯ ಬೇರೆ, ಗ್ರಂಥ ಬೇರೆ. ಹೊಲ ಮಾತ್ರ ಒಂದೇ, ಹೊಟ್ಟೆಯ ಚಿಂತೆಯೂ ಒಂದೇ. ಬರ ಕಂಡ ನಾಡಿನ ಜನಕ್ಕೆ ದೇವರ ದೊಡ್ಡಸ್ತಿಕೆ ಗೊತ್ತಾಗುವುದು ಕಣದಲ್ಲೇ. ಎಳ್ಳಮಾವಾಸ್ಯೆಯ ದಿನ ನಾವು ಕಡುಬು, ಸಜ್ಜಿ ರೊಟ್ಟಿ, ಭಜ್ಜಿ ಹೊತ್ತು ಹೋಗಿ ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲ, ಅದೂ ಇದೇ ಕಥೆಯ ಇನ್ನೊಂದು ರೂಪ.

ಕಣದಿಂದ ಕಾಳು ಬೀಸುವ ಕಲ್ಲಿಗೆ ಬರುತ್ತದೆ. ಚರಿತ್ರೆಯೂ ಅಲ್ಲಿಗೆ ಬಂತು. ವಿಜಯಪುರದ ಸೂಫಿಗಳು ದಖನಿ ಮಾತಿನಲ್ಲಿ ‘ಚಕ್ಕಿನಾಮ’ ಎಂಬ ಹಾಡು ಕಟ್ಟಿ, ಬೀಸುವ ಹೆಂಗಸರ ಬಾಯಿಂದ ತಮ್ಮ ತತ್ವ ಹರಿಯುವಂತೆ ಮಾಡಿದರೆಂದು ಇತಿಹಾಸಕಾರ ರಿಚರ್ಡ್ ಈಟನ್ 1978ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಪಕ್ಕದ ಮನೆಯಲ್ಲಿ ಅದೇ ಕಲ್ಲಿನ ಮುಂದೆ ಕನ್ನಡದ ತ್ರಿಪದಿ ನಡೆದಿತ್ತು. ಭೀಮೆಯ ಆಚೆಯ ಹಲಸಂಗಿಯ ಗೆಳೆಯರು ಆ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ದರ್ಗಾ, ಮಠ, ಗುಡಿಗಳ ಕಥೆಗಳು ಗಂಡಸರ ಗ್ರಂಥಗಳಲ್ಲಿ ಬೇರೆ ಬೇರೆ ಕಪಾಟು ಸೇರಿದವು. ಬೀಸುವ ಕಲ್ಲಿನ ಹತ್ತಿರ ಮಾತ್ರ ಒಂದೇ ಗೋಡೆಯ ಈಚೆ ಆಚೆ ಇದ್ದವು.

ಆದರೆ ಆ ಹೆಂಗಸರಲ್ಲಿ ಹೆಚ್ಚಿನವರು ಕಂಡದ್ದು ತಮ್ಮೂರು, ತವರೂರು, ಒಂದೆರಡು ಜಾತ್ರೆ. ಹಾದಿ ಅವರದಾಗಿರಲಿಲ್ಲ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಚಳವಳಿಯ ಜೊತೆಗೇ ಹಳ್ಳಿಯ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಕ್ವಾರಿಯ ಕೂಲಿಯವರೂ ಕಲಿತರು. ಬಿಹಾರದಲ್ಲಿ 2006ರಿಂದ ಶಾಲಾ ಬಾಲಕಿಯರಿಗೆ ಸೈಕಲ್ ಕೊಟ್ಟಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ 32 ಪ್ರತಿಶತ ಏರಿತೆಂದು ಅಧ್ಯಯನ ಹೇಳಿತು. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಬಂತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಅದಕ್ಕೂ ತಡೆ ಬಿತ್ತು. 2023ರ ಜೂನ್ ತಿಂಗಳಿಂದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಗಾಣಗಾಪುರಕ್ಕೂ ಘತ್ತರಗಿಗೂ ಹೋಗುವವರು ಹೆಚ್ಚಿದ್ದಾರೆ. ಒಳ್ಳೆಯದೇ. ಆದರೆ ಬಸ್ಸು ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುತ್ತದೆ. ಹಳ್ಳಿಯಿಂದ ಪಕ್ಕದ ಹಳ್ಳಿಯ ಶಾಲೆಗೆ, ನಡುವಿನ ಬೇವಿನ ಕಟ್ಟೆಗೆ, ಹೊಲದ ಬದುವಿನ ಹೆಸರಿಲ್ಲದ ಕಲ್ಲಿಗೆ ಅದು ಹೋಗುವುದಿಲ್ಲ.

ಈಗ ಈ ಹಾದಿಗಳ ಎರಡೂ ಕಡೆ ಜೋಳಕ್ಕಿಂತ ತೊಗರಿ ಹೆಚ್ಚು, ನೀರಿದ್ದಲ್ಲಿ ಕಬ್ಬು. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರುಗಳು ಬಂದಾಗ ಸೈಕಲ್ಲಿನವರು ಕೆಳಗಿಳಿಯಬೇಕು. ಬೀಸುವ ಕಲ್ಲು ಹಿತ್ತಲು ಸೇರಿ ಬಹಳ ದಿನವಾಯಿತು, ಅದರ ಮುಂದೆ ಹಾಡಿದವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರು ಹಾಡಿ ಕಾಯ್ದ ಕಥೆಗಳನ್ನು ಇನ್ನು ಹಾದಿಯಲ್ಲಿ ಹೋಗಿಯೇ ಕೂಡಿಸಬೇಕು. ಕಡಗಂಚಿಯ ಕವಿ ಯಾರೆಂದು ಕಡಗಂಚಿಯ ಹುಡುಗಿಗೆ ಗೊತ್ತಿರಬೇಕು, ಅವನ ಗ್ರಂಥವನ್ನು ಅವಳೇ ತೆರೆದು ಓದಬೇಕು. ಮನೆಯಲ್ಲಿ ಮಗಳೋ ಮೊಮ್ಮಗಳೋ ಇದ್ದರೆ ಸೈಕಲ್ ಕಲಿಸಿ. ಶಾಲೆಗೆ ಮಾತ್ರವಲ್ಲ, ರಜೆಯ ದಿನ ಪಕ್ಕದೂರಿನ ಗುಡಿಗೂ ದರ್ಗಾಕ್ಕೂ ಅವಳು ತಾನೇ ಹೋಗಿಬರಲಿ.